ಕೆಂಪಗೆ ಕಾದ ಬಳೆಚೂರು

ಹಂಪವ್ವ ಇಕ್ಕಳದಲ್ಲಿ ಹಿಡಿದಿದ್ದ ಬಳೆಚೂರು ಗ್ಯಾಸಿನ ಉರಿಯಲ್ಲಿ ಕೆಂಪಗೆ ಕಾದಿತ್ತು. ಅವಳು ಇತ್ತ ತಿರುಗುವಷ್ಟರಲ್ಲಿ ಸೊಸೆ ದ್ರಾಕ್ಷಾಯಿಣಿ ಮಗುವಿನ ಹೊಟ್ಟೆಯ ಮೇಲೆ ತನ್ನ ಅಂಗೈ ಹರಡಿಬಿಟ್ಟಳು. ನಿನ್ನೆಯಿಂದ ಎರಡು ವರ್ಷದ ಗೌತಮಿಗೆ ಸಣ್ಣಗೆ ಭೇದಿಯಾಗುತ್ತಿತ್ತು, ಜ್ವರವೇನೂ ಇರಲಿಲ್ಲ. ಈಗ ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಂಡು ಕೈಕಾಲು ಸೆಟೆದು ಅದುರುತ್ತಿದ್ದವು.

“ಕೈ ತಗೀ. ಬರಿ ಹಾಕಿದ್ರಷ್ಟ ಫಿಟ್ಸ್ ಬಿಡತೈತಿ.”

“ಬ್ಯಾಡ್ರಿ ಅತ್ತಿ. ಸುಡೂದಿದ್ರ ನನ್ನ ಕೈ ಸುಡ್ರಿ.”

“ಹುಚ್ಚಿ! ನಿನ್ನ ಗಂಡ ಸಣ್ಣಾಂವಿದ್ದಾಗ ಯಾತರಿಂದ ಉಳದಾನ, ಕೇಳವನ್ನ!”

ಸ್ನಾನ ಬಿಟ್ಟು ಬರಿಮೈಯಲ್ಲೇ ಓಡಿಬಂದಿದ್ದ ಮಗ ಕನಕರಾಜನ ಹೊಕ್ಕುಳ ಪಕ್ಕದಲ್ಲಿ ಆ ಹಳೆಯ ಸುಟ್ಟ ಕಲೆ ಎದ್ದು ಕಾಣುತ್ತಿತ್ತು. “ಆಟೋಕ್ಕ ಫೋನ್ ಮಾಡೇನಿ. ಕೊಪ್ಪಳಕ್ಕ ಒಯ್ಯೂಣು, ತಡಿಬೇ,” ಎಂದ.

ಹಂಪವ್ವ ತಡೆಯಲಿಲ್ಲ. ಸೊಸೆಯ ಮಣಿಕಟ್ಟು ಹಿಡಿದೆಳೆಯುತ್ತಲೇ ಇಕ್ಕಳವನ್ನು ಮಗುವಿನ ಹೊಟ್ಟೆಯತ್ತ ಇಳಿಸತೊಡಗಿದಳು. ಅದರ ಝಳ ಬೆರಳಿಗೆ ಬಡಿದರೂ ದ್ರಾಕ್ಷಾಯಿಣಿ ಅಂಗೈ ಕದಲಿಸಲಿಲ್ಲ. ಅದೇ ಗಳಿಗೆಯಲ್ಲಿ ಆ ಅಂಗೈಯ ಕೆಳಗಿನ ಪುಟ್ಟ ಹೊಟ್ಟೆ ಸಡಿಲಾಯಿತು. ಕೈಕಾಲಿನ ಅದುರು ನಿಂತಿತು. ಗೌತಮಿ ಉದ್ದನೆಯ ಉಸಿರೆಳೆದು, ಕಣ್ಣು ಬಿಟ್ಟು, ಅಳತೊಡಗಿದಳು.

ಇಕ್ಕಳ ನಡುವೆಯೇ ನಿಂತಿತು. ಬಳೆಚೂರು ಇನ್ನೂ ಯಾರ ಮೈಯನ್ನೂ ಮುಟ್ಟಿರಲಿಲ್ಲ. ಹಂಪವ್ವ ಅದನ್ನು ನೋಡಿದಳು. ಆಮೇಲೆ ಮಗನ ಹೊಟ್ಟೆಯ ಕಲೆಯನ್ನು ನೋಡಿದಳು.

“ಕನಕಾ, ಅವತ್ತು ನಿಂದೂ... ಹಿಂಗ ತಾನಾಗೇ ನಿಲ್ತಿತ್ತೇನೋ?”

ಕನಕರಾಜ ಅವಳ ಕೈಯಿಂದ ಇಕ್ಕಳವನ್ನು ಮೆಲ್ಲನೆ ಬಿಡಿಸಿಕೊಂಡ.

“ನನ್ನ ಅಂಗಿ ಕೊಡಬೇ,” ಎಂದ. “ನೀನೂ ನಡಿ, ದವಾಖಾನಿಗೆ.”