ಕಡೆಗೋಲಿಗೆ ಕುಂಕುಮ

ಆಯುಧಪೂಜೆಯ ದಿನ ಹೋಳಿಗೆ ಅರ್ಧ ಬೇಯುವಷ್ಟರಲ್ಲಿ ಒಲೆ ಆರಿತು. ಹಂಪಮ್ಮ ಸಟ್ಟುಗ ಬಿಸಾಡಿ ನೆಟ್ಟಗೆ ಓಣಿಯ ತೊಟ್ಟಿಗೆ ಬಂದಳು. ಉಕ್ಕಿನ ಕಾರ್ಖಾನೆಯಿಂದ ಕೊಳವೆಯಲ್ಲಿ ಬರುವ ಹೊಗೆಯನ್ನೇ ಉಸಿರಾಡಿ, ಓಣಿಗೆಲ್ಲ ಒಲೆಯೆಣ್ಣೆ ಕೊಡುವ ಜೀವಾಣುಗಳು ಇದ್ದದ್ದು ಆ ತೊಟ್ಟಿಯಲ್ಲೇ. ಹೊಗೆಯನ್ನು ಸಾಸಿವೆಯಷ್ಟು ಸಣ್ಣ ಗುಳ್ಳೆಗಳಾಗಿ ಕಡೆದು ಅವುಗಳಿಗೆ ಮುಟ್ಟಿಸುವ ಕರೆಂಟಿನ ಕಡೆಗೋಲು ನಿಂತೇ ಹೋಗಿತ್ತು. ಅದಕ್ಕೆ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿದ್ದರು. ಹೊಗೆ ನಿಂಬೆಹಣ್ಣಿನಂಥ ಗುಳ್ಳೆಗಳಾಗಿ ಮೇಲೆದ್ದು, ಒಡೆದು, ಸುಮ್ಮನೆ ಗಾಳಿಪಾಲಾಗುತ್ತಿತ್ತು.

“ಯಾರು ನಿಲ್ಸಿದ್ದು ಇದನ್ನ?”

“ನಾನೇ ಅಕ್ಕಾ,” ಎಂದ ತಮ್ಮ ಎರ್ರಿಸ್ವಾಮಿ. ಈ ವರ್ಷ ಓಣಿಗೆ ಅವನೇ ಅಧ್ಯಕ್ಷ. “ಪೂಜೆ ಮಾಡಿದ್ದನ್ನ ಇವತ್ತು ಮುಟ್ಟಬಾರ್ದು. ನಾಳೆ ತಿರುಗಿಸಿದ್ರಾತು. ಒಂದಿನಕ್ಕೆ ಏನಾಗ್ತೈತಿ?”

ಹಂಪಮ್ಮನ ಪಿತ್ತ ನೆತ್ತಿಗೇರಿತು. ಬಟ್ಟಲಿನ ಕುಂಕುಮ ತೆಗೆದು ಅವನ ಮೂಗಿಗೆ ಬಳಿದಳು.

“ತಗಾ, ಇದಕ್ಕೂ ಪೂಜೆ ಆತು. ನಾಳೆ ತನಕ ಉಸಿರಾಡಬ್ಯಾಡ!”

ಹಾಗೆಂದವಳೇ ಅವನ ಮೂಗು ಹಿಂಡಿ, ಇನ್ನೊಂದು ಕೈಯಿಂದ ಬಾಯಿ ಮುಚ್ಚಿದಳು. ಅವನ ಕಣ್ಣುಗುಡ್ಡೆಗಳು ಹೊರಬಂದವು. ಒದ್ದಾಡುತ್ತ, ತಡಕಾಡುತ್ತ, ಕಡೆಗೋಲಿನ ಗುಂಡಿಯನ್ನು ಎರ್ರಿಸ್ವಾಮಿಯೇ ಒತ್ತಿದ. ಹಾರ ಹರಿದು, ಚೆಂಡುಹೂಗಳು ನೊರೆಯಲ್ಲಿ ಗಿರಗಿರನೆ ಸುತ್ತತೊಡಗಿದ ಮೇಲೆಯೇ ಹಂಪಮ್ಮ ಕೈ ಬಿಟ್ಟಳು.