ಪ್ಲಾಸ್ಟಿಕ್ ಗಿಡಕ್ಕೆ ನೀರು

ಕರೆಗಂಟೆ ಒತ್ತುವ ಮೊದಲು ಮಾನಿಟರ್ ಎರಡು ಸಲ ಮೆಟ್ಟಿಲಿಳಿದು ವಾಪಸ್ ಹತ್ತಿದ್ದ. ಹದಿನಾರು ವರ್ಷದ ಪರಿಚಯದವರ ಮನೆಗೆ ಕಳ್ಳನನ್ನು ಹಿಡಿಯುವವನ ಹಾಗೆ ಬಂದದ್ದಕ್ಕೆ ಅವನಿಗೇ ನಾಚಿಕೆಯಾಗುತ್ತಿತ್ತು.

ಮಾನಿಟರ್ ಎಂಬುದು ಅಂತರ್ಜಾಲದ ಹೆಸರು. ಹೊರಗೆ ಅವನದು ಕನ್ನಡಕದ ಅಂಗಡಿ. ಕುಂಡದಲ್ಲಿ ಗಿಡ ಬೆಳೆಸುವವರ ಹಳೇ ಪುಟವೊಂದನ್ನು ನೋಡಿಕೊಳ್ಳುವವನು ಅವನೇ; ಅದರ ಬೀಗದ ಕೈಯೆಲ್ಲ, ಸದಸ್ಯರ ಪಾಸ್‌ವರ್ಡ್ ಸಮೇತ, ಅವನ ಹತ್ತಿರ. ಒಂದು ಕಾಲಕ್ಕೆ ಗಿಜಿಗುಡುತ್ತಿದ್ದ ಪುಟದಲ್ಲಿ ಈಗ ಬರೆಯುತ್ತಿದ್ದವರು ಅವನು, ಮೇಷ್ಟ್ರು, ಡ್ರೈವರ್, ನರ್ಸಮ್ಮ, ಮತ್ತೆ ಎಲ್ಲರ ತಪ್ಪು ತಿದ್ದುವ ಅತ್ತೆ. ಯಾರೂ ಯಾರ ಮುಖವನ್ನೂ ಕಂಡವರಲ್ಲ.

ಅತ್ತೆ ಪುಟಕ್ಕೆ ಬಂದದ್ದೇ ನಗೆಪಾಟಲಾಗಿ. "ನನ್ನ ಗಿಡ ಒಣಗ್ತಾನೂ ಇಲ್ಲ, ಚಿಗುರ್ತಾನೂ ಇಲ್ಲ, ಏನು ಮಾಡ್ಲಿ?" ಎಂದು ಕೇಳಿದ್ದರು. ನಲವತ್ತು ಜನ ಗೊಬ್ಬರ, ಬಿಸಿಲು, ಮಣ್ಣು ಎಂದು ಸಲಹೆ ಕೊಟ್ಟ ಮೇಲೆ ಮೇಷ್ಟ್ರು ಫೋಟೋ ದೊಡ್ಡದು ಮಾಡಿ ನೋಡಿದರು. ಪ್ಲಾಸ್ಟಿಕ್ ಗಿಡ! ಅಂದಿನಿಂದ ಪುಟದಲ್ಲಿ ಅದೇ ನಮಸ್ಕಾರ.

"ಅತ್ತೇ, ಗಿಡಕ್ಕೆ ನೀರು ಹಾಕಿದ್ರಾ?"

"ಹಾಕ್ದೆ. ಈ ಸಲ ಮೊಗ್ಗು ಗ್ಯಾರಂಟಿ."

ದಿನಾ ಬೆಳಗ್ಗೆ, ಮಾನಿಟರ್ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ, ಮೇಷ್ಟ್ರು, ಡ್ರೈವರ್, ನರ್ಸಮ್ಮ ಮೂವರೂ ಸಾಲಾಗಿ ಬಂದು ಕೇಳುತ್ತಿದ್ದರು. ನಿಜ ಹೇಳಬೇಕೆಂದರೆ ಪುಟ ನಡೆಯುತ್ತಿದ್ದದ್ದೇ ಅತ್ತೆಗಾಗಿ.

ಮೊನ್ನೆ ಅತ್ತೆ ಬರೆದರು: "ನರ್ಸಮ್ಮಾ, ಪ್ಲಾಸ್ಟಿಕ್ ಅಂತ ಕಂಡುಹಿಡಿದು ನನ್ನ ಮಾನ ಕಳೆದೋಳು ನೀನೇ ತಾನೆ?" ತಮ್ಮ ಮಾನ ಕಳೆದವರು ಯಾರೆಂದು ಯಾರಾದರೂ ಮರೆಯುತ್ತಾರೆಯೇ? ಇದು ಅತ್ತೆಯಲ್ಲ. ಇಂಥದ್ದನ್ನು ಹಿಡಿಯುವುದರಲ್ಲಿ ಮಾನಿಟರ್‌ನದು ಪಳಗಿದ ಕಣ್ಣು. ಆದರೆ ಅತ್ತೆಯೇ ಇಲ್ಲವೆಂದಾದರೆ ಪುಟ ಮುಚ್ಚಬೇಕು. ಬೆಳಗ್ಗೆ ಎದ್ದು ಮಾತಾಡಿಸಲು ಅವನಿಗೆ ಇನ್ಯಾರೂ ಉಳಿಯುವುದಿಲ್ಲ. ಹಿಂದೊಮ್ಮೆ ಅವರಿಗೆ ಕನ್ನಡಕ ಕಳಿಸಿದ್ದ ವಿಳಾಸ ಅಂಗಡಿಯ ಪುಸ್ತಕದಲ್ಲಿತ್ತು.

ಬಾಗಿಲು ತೆಗೆದವಳು ನಲವತ್ತರ ಹೆಂಗಸು.

"ಅತ್ತೆಯವರ ಕನ್ನಡಕದ ಫ್ರೇಮ್ ಸಡಿಲ ಆಗಿದ್ಯಾ ನೋಡೋಣ ಅಂತ..." ಎಂದು ಸುಳ್ಳು ತೊದಲಿದ.

ಅವಳು ಪಕ್ಕಕ್ಕೆ ಸರಿದಳು. ಗೋಡೆಯ ಮೇಲೊಂದು ಫೋಟೋ. ಕೆಳಗಿನ ಹಲಗೆಯ ಮೇಲೆ ಅವನೇ ಮಾಡಿಕೊಟ್ಟ ಕನ್ನಡಕ, ಕಡ್ಡಿ ಮಡಚಿ ಇಟ್ಟಿತ್ತು. ಪಕ್ಕದಲ್ಲಿ ಪ್ಲಾಸ್ಟಿಕ್ ಗಿಡ, ಎಲೆಯ ಮೇಲೆ ಒಂದು ಚೂರೂ ಧೂಳಿಲ್ಲ.

"ನೀವು ಮಾನಿಟರ್ ಅಲ್ವಾ? ನಾನು ಸೊಸೆ. ನಮ್ಮತ್ತೆ ಹೋಗಿ ಎರಡು ವರ್ಷ ಆಯ್ತು."

"ಮತ್ತೆ ಬರೀತಿದ್ದದ್ದು?"

"ನಾನೇ." ಅವಳು ತಲೆ ತಗ್ಗಿಸಿದಳು. "ವಿಷಯ ಹೇಳಿಬಿಡೋಣ ಅಂತಲೇ ಪುಟ ತೆಗೆದೆ. ನೋಡಿದ್ರೆ ಮೂವರೂ 'ನೀರು ಹಾಕಿದ್ರಾ' ಅಂತ ಕೇಳ್ತಾ ಕೂತಿದ್ರು. ವಯಸ್ಸಾದವರು, ಎಷ್ಟು ನೊಂದ್ಕೋತಾರೋ ಅಂತ 'ಹಾಕ್ದೆ' ಅಂದುಬಿಟ್ಟೆ. ಆಮೇಲೆ ನಿಲ್ಲಿಸೋಕೆ ಆಗ್ಲಿಲ್ಲ. ಸತ್ತವರ ಹೆಸರಲ್ಲಿ ಬರೆಯೋದು ಎಂಥ ಹೇಸಿಗೆ ಕೆಲಸ ಅಂತ ಗೊತ್ತು. ಬಯ್ಯಿರಿ ಸರ್."

ತಪ್ಪೊಪ್ಪಿಕೊಂಡವಳು ಅವಳು, ಮುಖ ಎತ್ತಲಾರದೆ ನಿಂತವನು ಅವನು.

"ಹೋದ ತಿಂಗಳು ನಾಲ್ಕು ದಿನ ಯಾರೂ ಬರಲಿಲ್ಲ. ಎಷ್ಟು ಗಾಬರಿಯಾಯ್ತು ಗೊತ್ತಾ?" ಎಂದಳು.

"ಜ್ವರ ಇತ್ತು," ಎಂದ ಮಾನಿಟರ್.

"ಅಯ್ಯೋ ಪಾಪ."

ಅವನು ಚಪ್ಪಲಿ ಮೆಟ್ಟುವಾಗ ಬಾಗಿಲ ತನಕ ಬಂದಳು. "ನಿಮ್ಮ ಹತ್ರ ಹೇಳಿ ಮನಸ್ಸು ಹಗುರಾಯ್ತು. ಆದ್ರೆ ಆ ಮೂವರಿಗೆ ಮಾತ್ರ ಹೇಳಬೇಡಿ, ದಮ್ಮಯ್ಯ. ಅವರು ತಡ್ಕೊಳ್ಳಲ್ಲ."

"ಹೇಳಲ್ಲಮ್ಮ," ಎಂದು ನೆಲ ನೋಡುತ್ತ ಮೆಟ್ಟಿಲಿಳಿದ.

ಮರುದಿನ ಬೆಳಗ್ಗೆ ಅಂಗಡಿ ಬಾಗಿಲು ತೆಗೆದು ಮಾನಿಟರ್ ಮೊದಲು ಮೇಷ್ಟ್ರ ಹೆಸರಿನಲ್ಲಿ, ಆಮೇಲೆ ಡ್ರೈವರ್ ಹೆಸರಿನಲ್ಲಿ, ಕೊನೆಗೆ ನರ್ಸಮ್ಮನ ಹೆಸರಿನಲ್ಲಿ ಪುಟದೊಳಗೆ ಹೋಗಿ, ಅತ್ತೆ ಗಿಡಕ್ಕೆ ನೀರು ಹಾಕಿದರೇ ಎಂದು ವಿಚಾರಿಸಿದ. ಆ ಮೂವರೂ ಒಬ್ಬೊಬ್ಬರಾಗಿ ಹೋಗಿ, ಕೊನೆಯವರು ತೀರಿಕೊಂಡು ಆಗಲೇ ಐದು ವರ್ಷವಾಗಿತ್ತು.