ಡಿಕ್ಕಿಯೊಳಗಿನ ಮುಖ

ಅಬುಧಾಬಿಯ ಮ್ಯೂಸಿಯಮ್ಮಿನಲ್ಲಿ ಆ ಚಿತ್ರದ ಮುಂದೆ ಅತಾಉರ್ರಹ್ಮಾನ್ ನಿಂತು ಕಾಲು ಗಂಟೆಯಾಗಿತ್ತು. ಪಕ್ಕದಲ್ಲಿ ಕೃಷ್ಣಪ್ಪನಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ನೂರೈವತ್ತು ವರ್ಷದ ಹಿಂದೆ ಫ್ರಾನ್ಸಿನ ಚಿತ್ರಕಾರನೊಬ್ಬ ತನ್ನ ಗೆಳೆಯ ಚಿತ್ರಕಾರನನ್ನೇ ಎದುರಿಗೆ ಕೂರಿಸಿ ಬರೆದದ್ದು ಅದು. ಅದನ್ನು ತೋರಿಸಿ ಆಮೇಲೆ ಮಾತು ತೆಗೆಯಬೇಕೆಂದೇ ಕೃಷ್ಣಪ್ಪ ದುಬೈಯಿಂದ ಅತಾಉರ್ರಹ್ಮಾನನನ್ನು ಕರೆತಂದಿದ್ದ.

“ಮುಖ ಚಂದ ಮಾಡಿದ್ದಾನೆ. ಕೈಯನ್ನು ಎರಡೇ ಎಳೆತಕ್ಕೆ ಮುಗಿಸಿದ್ದಾನಲ್ಲ, ಅವಸರ ಎಂತದಂತೆ?” ಎಂದ ಅತಾಉರ್ರಹ್ಮಾನ್.

“ಗೆಳೆಯ ಊರಿಗೆ ಹೊರಟಿದ್ದನೋ ಏನೋ.”

ಅತಾಉರ್ರಹ್ಮಾನ್ ನಕ್ಕುಬಿಟ್ಟ. ಅವನೂ ಹೊರಟವನೇ. ವೀಸಾ ಖಲಾಸ್, ಶುಕ್ರವಾರ ಭಟ್ಕಳಕ್ಕೆ. ಇಪ್ಪತ್ತೆಂಟು ವರ್ಷ ಇಬ್ಬರೂ ದುಬೈಯ ದೇರಾ ಪೇಟೆಯ ಅಂಗಡಿಗಳ ಬೋರ್ಡು ಬರೆದವರು. ಮೀನು, ಕೋಳಿ, ಚಹಾದ ಲೋಟ ಕೃಷ್ಣಪ್ಪನ ಪಾಲು. ಅರಬ್ಬಿ ಅಕ್ಷರ ಅತಾಉರ್ರಹ್ಮಾನನದು. ಜೀವ ಇರುವುದರ ಚಿತ್ರ ಬರೆಯಬಾರದೆಂಬುದು ಅವನ ನೇಮ; ಮೀನಿಗೊಂದು ಕಣ್ಣಿಡು ಎಂದರೂ ಬ್ರಶ್ ಕೆಳಗಿಡುತ್ತಿದ್ದ. ಅವನ ಮನೆಯ ಗೋಡೆಯಲ್ಲಿ ತಂದೆಯ ಫೋಟೊ ಸಹ ಇಲ್ಲ. ಮುಖವೊಂದು ನೋಡುತ್ತಿರುವ ಕಡೆ ನಮಾಜಿಗೆ ನಿಲ್ಲುವವನಲ್ಲ ಅವನು.

ಇಷ್ಟೆಲ್ಲ ಗೊತ್ತಿದ್ದೂ ಕೃಷ್ಣಪ್ಪ ಮೂರು ತಿಂಗಳು ಕದ್ದುಮುಚ್ಚಿ, ಬೋರ್ಡಿಗೆ ತಂದ ಪ್ಲೈವುಡ್ಡಿನ ಮೇಲೆ ಅವನ ಮುಖವನ್ನೇ ಬರೆದಿದ್ದ. ಬೇಡ ಎಂದುಬಿಟ್ಟರೆ? ಕೊಡದೆಯೇ ಕಳಿಸಿದರೆ?

ಪಾರ್ಕಿಂಗಿನ ಬಿಸಿಲಲ್ಲಿ ಕಾರಿನ ಡಿಕ್ಕಿ ತೆರೆದು, ಹಲಗೆಗೆ ಹೊದಿಸಿದ್ದ ಬಟ್ಟೆ ಸರಿಸಿದ.

“ಬೈಯುದಾದ್ರೆ ಈಗ್ಲೇ ಬೈ.”

ಅತಾಉರ್ರಹ್ಮಾನ್ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ.

“ಗಡ್ಡದಲ್ಲಿ ಇಷ್ಟು ಬಿಳಿ ಉಂಟಾ ನನಗೆ?”

“ಕಮ್ಮಿ ಮಾಡಿದ್ದೇನೆ.”

“ಮನೆಯಲ್ಲಿ ಇದನ್ನು ತೂಗುಹಾಕ್ಲಿಕ್ಕೆ ಆಗುದಿಲ್ಲ ಮಾರಾಯ. ನಿನಗೆ ಗೊತ್ತುಂಟು.”

“ಗೊತ್ತುಂಟು. ಬಿಡು, ನನ್ನ ಹತ್ರವೇ ಇರ್ಲಿ,” ಎಂದು ಕೃಷ್ಣಪ್ಪ ಬಟ್ಟೆ ಮುಚ್ಚಲು ಹೋದ.

ಅತಾಉರ್ರಹ್ಮಾನ್ ಬಿಡಲಿಲ್ಲ. ಹಲಗೆಯನ್ನು ಬೋರಲು ಹಾಕಿ, ಡಿಕ್ಕಿಯ ಮೂಲೆಯಲ್ಲಿದ್ದ ಕಪ್ಪು ಬಣ್ಣದ ಡಬ್ಬಿ, ಚಪ್ಪಟೆ ಬ್ರಶ್ ಎಳೆದುಕೊಂಡ. ಬರಿ ಹಲಗೆಯ ಬೆನ್ನ ಮೇಲೆ ಬಲದಿಂದ ಎಡಕ್ಕೆ ಒಂದೇ ಉಸಿರಿನಲ್ಲಿ ಬರೆದ. ಮೊದಲ ಅಕ್ಷರದ ನೆತ್ತಿಯ ಗೆರೆಯನ್ನು ಹಾಯಿಯ ಹಾಗೆ ಹರವಿ, ಕೊನೆಯದನ್ನು ಕಂಬದಂತೆ ನೆಟ್ಟಗೆ ನಿಲ್ಲಿಸಿದ.

“ಎಂತ ಬರೆದದ್ದು?”

“ನಿನ್ನ ಹೆಸರು. ಮುಟ್ಬೇಡ, ಆರ್ಲಿ.” ಬ್ರಶ್ ಒರೆಸುತ್ತ, ತಲೆಯೆತ್ತದೆ ಹೇಳಿದ: “ಊರಲ್ಲಿ ಹೀಗೇ ತೂಗುಹಾಕ್ತೇನೆ. ಗೋಡೆ ಕಡೆ ನಾನಿರ್ತೇನೆ, ಮನೆ ಕಡೆ ನೀನಿರು.”